ದೊಡ್ಡಳಿಯನ ಬೋರ್ಡು, ಚಿಕ್ಕಳಿಯನ ಡಬ್ಬಿ

ಉಣ್ಣೆಯಮ್ಮನಿಗೆ ಇಬ್ಬರು ಅಳಿಯಂದಿರು, ಇಬ್ಬರದೂ ಕಂಪ್ಯೂಟರಿನ ಕಸುಬೇ. ದೊಡ್ಡಳಿಯ ಹಳೆಯದನ್ನು ರಿಪೇರಿ ಮಾಡುವವನು, ಚಿಕ್ಕಳಿಯ ಹೊಸದನ್ನು ಮಾರುವವನು. ಒಂದೇ ಮನೆಗೆ ಇಬ್ಬರು ದರ್ಜಿಗಳು ಅಳಿಯಂದಿರಾಗಿ ಬಂದರೆ ಒಬ್ಬನ ಹೊಲಿಗೆಯಲ್ಲಿ ಇನ್ನೊಬ್ಬ ಸುಕ್ಕು ಹುಡುಕುತ್ತಾನಂತೆ. ಇಲ್ಲಿ ಹುಡುಕುತ್ತಿದ್ದವನು ದೊಡ್ಡಳಿಯ ಒಬ್ಬನೇ. ಚಿಕ್ಕಳಿಯನಿಗೆ ಅದಕ್ಕೆ ಪುರುಸೊತ್ತೂ ಇರಲಿಲ್ಲ, ಮನಸ್ಸೂ ಇರಲಿಲ್ಲ. ದೊಡ್ಡಳಿಯನಿಗೆ ಅದೇ ಇನ್ನೂ ಹೆಚ್ಚು ಉರಿ.

ದೊಡ್ಡಳಿಯನ ಅಂಗಡಿ ಒಂದು ಕಟ್ಟಡದ ಮೆಟ್ಟಿಲ ಕೆಳಗಿತ್ತು. ಎದ್ದು ನಿಂತರೆ ತಲೆ ಬಡಿಯುತ್ತದೆ ಎಂದು ಇಪ್ಪತ್ತೆರಡು ವರ್ಷ ಕೂತೇ ಕೆಲಸ ಮಾಡಿದ್ದ. ಬೆನ್ನು ಆ ಮೆಟ್ಟಿಲಿನಷ್ಟೇ ಬಾಗಿತ್ತು. ಚಿಕ್ಕಳಿಯನದು ದೊಡ್ಡ ರಸ್ತೆಯಲ್ಲಿ ಗಾಜಿನ ಬಾಗಿಲಿನ ಅಂಗಡಿ. ಒಳಗೆ ಹೋದವರಿಗೆ ತಣ್ಣನೆ ಗಾಳಿ, ಕೂರಲು ಮೆತ್ತನೆ ಕುರ್ಚಿ. ದೊಡ್ಡಳಿಯ ಆ ರಸ್ತೆಯಲ್ಲಿ ಹೋಗುವಾಗ ಎದುರುಬದಿಯಲ್ಲೇ ನಡೆಯುತ್ತಿದ್ದ. ಆದರೂ ಒಳಗೆ ಎಷ್ಟು ಜನ ಇದ್ದಾರೆಂದು ಎಣಿಸದೆ ಮುಂದೆ ಹೋಗುತ್ತಿರಲಿಲ್ಲ.

ಅವನಿಗೆ ಒಂದು ಜಾಗ ಮಾತ್ರ ತನ್ನದೇ ಎನ್ನುವ ಹಾಗಿತ್ತು. ಅದು ಅತ್ತೆಯ ಹೆಣಿಗೆಮನೆ. ಉಣ್ಣೆಯಮ್ಮ ಗಂಡ ತೀರಿಕೊಂಡ ಮೇಲೆ ಶಾಲೆಮಕ್ಕಳ ಸ್ವೆಟರು ಹೆಣೆದೇ ಇಬ್ಬರು ಹೆಣ್ಣುಮಕ್ಕಳನ್ನು ದಡ ಮುಟ್ಟಿಸಿದವಳು. ಅವಳ ಹೆಣಿಗೆಯಂತ್ರಕ್ಕೆ ಯಾವ ಸಾಲಿನಲ್ಲಿ ಯಾವ ಬಣ್ಣ ಎಂದು ಹೇಳಿಕೊಡುವುದು ಒಂದು ಹಳೇ ಕಂಪ್ಯೂಟರು. ಯಂತ್ರದ ತಂತಿ ಬಂದು ಸೇರುವ ಉದ್ದನೆಯ ಕಾರ್ಡು ಕಂಪ್ಯೂಟರಿನೊಳಗಿನ ಆ ಕಾಲದ ಬೋರ್ಡಿನಲ್ಲಿ ಮಾತ್ರ ಕೂರುತ್ತದೆ, ಈಗಿನ ಯಾವುದಕ್ಕೂ ಹಿಡಿಸುವುದಿಲ್ಲ. ಹಾಗಾಗಿ ಆ ಬೋರ್ಡು ಇದ್ದರೆ ಯಂತ್ರ, ಯಂತ್ರ ಇದ್ದರೆ ಒಲೆ. ದೊಡ್ಡಳಿಯ ಮದುವೆಯಾದ ವರ್ಷದಿಂದ ಅದನ್ನು ಕೂಸಿನ ಹಾಗೆ ನೋಡಿಕೊಂಡಿದ್ದ. ಬ್ರಷ್ಷಿನಲ್ಲಿ ಉಣ್ಣೆಯ ಧೂಳು ತೆಗೆಯುವನು, ಕಾರ್ಡಿನ ಹಲ್ಲುಗಳನ್ನು ಶಾಲೆಯ ರಬ್ಬರಿನಿಂದ ಉಜ್ಜುವನು, ಸೋರಿದ ಸೆಲ್ಲು ಬಿಚ್ಚಿ ಬೇರೆ ಬೆಸೆಯುವನು. ಬಂದವರ ಎದುರು ಉಣ್ಣೆಯಮ್ಮ, ಇದರ ನಾಡಿ ನಮ್ಮ ದೊಡ್ಡಳಿಯಂದ್ರಿಗೆ ಮಾತ್ರ ಗೊತ್ತು ಅನ್ನುತ್ತಿದ್ದಳು. ಆ ಒಂದು ಮಾತಿನ ಮೇಲೆ ಅವನು ಆರು ತಿಂಗಳು ಬದುಕುತ್ತಿದ್ದ.

ಆ ವರ್ಷ ಸ್ವೆಟರಿಗೆ ಹಬೆ ಕೊಡುವ ಇಸ್ತ್ರಿಯ ನೀರು ಸೋರಿ ಸೋರಿ ಕಂಪ್ಯೂಟರಿನ ತಗಡಿನ ಡಬ್ಬಿ ತಳದಿಂದ ತುಕ್ಕು ಹಿಡಿಯಿತು. ಒಂದು ಬೆಳಿಗ್ಗೆ ಒಳಗಿದ್ದ ಕರೆಂಟಿನ ಪೆಟ್ಟಿಗೆ ಹೊಗೆ ಬಿಟ್ಟು ಸತ್ತಿತು. ಬೋರ್ಡು ಬದುಕಿತ್ತು. ಯಂತ್ರ ನಿಂತಿತು. ಮುನ್ನೂರು ಸ್ವೆಟರು ಬಾಕಿ, ಶಾಲೆ ಬಾಗಿಲು ತೆಗೆಯಲು ಹನ್ನೆರಡು ದಿನ. ಕೆಲಸದ ಇಬ್ಬರು ಹೆಂಗಸರು ನೂಲು ಸುತ್ತುವುದನ್ನು ಮುಗಿಸಿ, ಸುತ್ತಿದ್ದನ್ನೇ ಬಿಚ್ಚಿ ಸುತ್ತುತ್ತಿದ್ದರು.

ದೊಡ್ಡಳಿಯ ಗುಜರಿಯಲ್ಲಿ ಅಂಥದೇ ಹಳೇ ಡಬ್ಬಿ ಹುಡುಕುತ್ತೇನೆಂದು ನಾಲ್ಕು ದಿನ ಅಲೆದ. ಐದನೆಯ ದಿನ ಚಿಕ್ಕಳಿಯ ಸ್ಕೂಟರಿನ ಮೇಲೆ ಹೊಸ ಡಬ್ಬಿ ಇಟ್ಟುಕೊಂಡು ಬಂದ. ಮೊಣಕಾಲೆತ್ತರದ ಕಪ್ಪು ಗೋಪುರ, ಒಂದು ಬದಿ ಪೂರಾ ಗಾಜು, ಮೂತಿಯಲ್ಲಿ ಮೂರು ಫ್ಯಾನು, ಫ್ಯಾನಿನ ಸುತ್ತ ನೀಲಿ ದೀಪ. ಹೆಂಗಸರು ನೂಲು ಬಿಟ್ಟು ಎದ್ದು ಬಂದರು. ಉಣ್ಣೆಯಮ್ಮ ಗಾಜಿನ ಮೇಲೆ ಕೈಯಾಡಿಸಿ, ಅಲಮಾರು ಇದ್ದ ಹಾಗಿದೆಯಲ್ಲಪ್ಪ ಅಂದಳು.

"ಆ ಹಳೇ ಬೋರ್ಡಿಗೆ ಇದಾ? ಮುದುಕಿಗೆ ಮದುವಣಗಿತ್ತಿ ಸೀರೆ ಉಡಿಸಿದ ಹಾಗೆ," ಅಂದ ದೊಡ್ಡಳಿಯ. ಯಾರೂ ನಗಲಿಲ್ಲ. ಚಿಕ್ಕಳಿಯನೇ ನಕ್ಕ.

"ನಿಜ ಭಾವ. ಆದ್ರೆ ಮುದುಕಿ ಬೆಚ್ಚಗಿದ್ರೆ ಸಾಕಲ್ವಾ? ನಾನೇ ಕೂರಿಸ್ಲಾ, ಇಲ್ಲ ನೀವು ಕೂರಿಸ್ತೀರಾ?"

ದೊಡ್ಡಳಿಯ ಮಾಡಿದ ತಪ್ಪು ಇಲ್ಲೇ. ಅವನು, ಡಬ್ಬಿ ತಂದವರೇ ಕೂರಿಸಲಿ ಅಂದುಬಿಟ್ಟ. ಛೇ ಛೇ, ನೀವಿಲ್ಲದೆ ಆಗುತ್ತದೆಯೇ ಎಂದು ಅತ್ತೆ ಕೈ ಹಿಡಿಯುತ್ತಾಳೆ, ಜೊತೆಗೆ ಬಂದಿದ್ದ ಹೆಂಡತಿ ಒಂದು ಮಾತು ಸೇರಿಸುತ್ತಾಳೆ, ಆಮೇಲೆ ಒಲ್ಲದ ಮನಸ್ಸಿನಿಂದ ಏಳೋಣ ಎಂದು ಲೆಕ್ಕ ಹಾಕಿದ್ದ. ಅತ್ತೆ ಸರಿ ಎಂದಳು. ಹೆಂಡತಿ ಚಹಾ ಮಾಡಲು ಒಳಗೆ ಹೋದಳು. ಕೂತವನು ಕೂತೇ ಉಳಿದ.

ಚಿಕ್ಕಳಿಯ ತುಕ್ಕು ಡಬ್ಬಿಯಿಂದ ಬೋರ್ಡನ್ನು ಎರಡು ಕೈಯಲ್ಲಿ ಎತ್ತಿ ಹಳೇ ಟವೆಲಿನ ಮೇಲೆ ಮಲಗಿಸಿದ. ಅವಸರ ಮಾಡಲಿಲ್ಲ. ಹೊಸ ಕರೆಂಟಿನ ಪೆಟ್ಟಿಗೆಯಿಂದ ಹಳೇ ಬೋರ್ಡಿಗೆ ಹೋಗುವ ಜೋಡಿ ತಂತಿಯನ್ನೂ ಎಲ್ಲಿಂದಲೋ ತರಿಸಿದ್ದ. ಆ ಜೋಡಿಯನ್ನು ಅದಲುಬದಲು ಸಿಕ್ಕಿಸಿದರೆ ಬೋರ್ಡು ಸುಟ್ಟೇಹೋಗುತ್ತದೆ. ಇವನಿಗೆಲ್ಲಿ ಗೊತ್ತಿರುತ್ತದೆ ಎಂದು ದೊಡ್ಡಳಿಯ ಕತ್ತು ಚಾಚಿದರೆ, ಅವನು ತನಗೆ ತಾನೇ, ಕಪ್ಪು ತಂತಿಯ ಪಕ್ಕ ಕಪ್ಪು ತಂತಿ ಎಂದು ಹೇಳಿಕೊಂಡು ಸರಿಯಾಗೇ ಇಟ್ಟುಕೊಂಡ. ಹೊಸ ಡಬ್ಬಿಯ ಗುಂಡಿ ಒತ್ತಿ ಬಿಡುವಂಥದು, ಹಳೆಯದಕ್ಕೆ ಒತ್ತಿದರೆ ಒತ್ತಿಕೊಂಡೇ ಇರುವ ಸ್ವಿಚ್ಚು ಬೇಕು. ಅದನ್ನೂ ಹಿಂದುಗಡೆ ಒಂದು ತೂತು ಕೊರೆದು ಕೂರಿಸಿದ. ಕೀಲಿಮಣೆಯ ದಪ್ಪ ದುಂಡು ಮೂತಿ ಹೊರಗೆ ಬರಲು ತಗಡು ಕತ್ತರಿಸಿ ಅಂಚು ಉಜ್ಜಿದ. ಒಂದೊಂದು ಸರಿಯಾದಾಗಲೂ ದೊಡ್ಡಳಿಯನ ಬಾಯಲ್ಲಿದ್ದ ಚಹಾ ಕಹಿಯಾಯಿತು.

ಚಹಾ ಲೋಟ ಕೆಳಗಿಡುವಾಗ ಅವನ ಕಣ್ಣು ಡಬ್ಬಿಯ ಒಳಗೋಡೆಗೆ ಹೋಯಿತು. ಬೋರ್ಡು ತಗಡಿಗೆ ತಾಗದೆ ನಿಲ್ಲಲಿ ಎಂದು ಹಿತ್ತಾಳೆಯ ಪುಟ್ಟ ಗೂಟಗಳಿರುತ್ತವೆ. ಬೋರ್ಡಿನ ತೂತಿಗೆ ಗೂಟ ಸರಿಯಾಗಿ ಬಂದರೆ ಮೇಲಿಂದ ಸ್ಕ್ರೂ. ಕಾರ್ಖಾನೆಯವರು ಒಂಬತ್ತು ಗೂಟ ಹಾಕಿಯೇ ಕಳಿಸಿದ್ದರು, ಈಗಿನ ಬೋರ್ಡಿಗೆ ಬೇಕಾದಷ್ಟು. ಹಳೇ ಬೋರ್ಡಿಗೆ ಹೊಂದುವುದು ನಾಲ್ಕೇ. ಮೂರು ಬೋರ್ಡಿನ ಆಚೆ ಉಳಿಯುತ್ತವೆ, ಅವುಗಳಿಂದ ತೊಂದರೆಯಿಲ್ಲ. ಮಿಕ್ಕ ಎರಡು ಬೋರ್ಡಿನ ಬೆನ್ನಿಗೇ ಬರುತ್ತವೆ. ಅದರಲ್ಲಿ ಒಂದು ಕಾರ್ಡು ಕೂರುವ ಜಾಗದ ಬೆಸುಗೆಗೆ ಮುಳ್ಳಿನ ಹಾಗೆ ಒತ್ತುತ್ತದೆ. ಕರೆಂಟು ಹರಿದರೆ ಅಲ್ಲಿಗೆ ಮುಗಿಯಿತು.

ಹೊಸದನ್ನೇ ಮುಟ್ಟಿದ ಕೈಗೆ ಗೂಟ ಬಿಚ್ಚಬೇಕೆನ್ನುವುದು ಹೊಳೆಯುವುದಿಲ್ಲ. ಚಿಕ್ಕಳಿಯ ಬೋರ್ಡನ್ನು ಇಳಿಸಿದ, ನಾಲ್ಕು ಸ್ಕ್ರೂ ಬಿಗಿದ, ಎರಡು ಗೂಟ ಅಡಿಗೆ ಬಿದ್ದು ಮರೆಯಾದವು.

ದೊಡ್ಡಳಿಯ ಬಾಯಿ ಬಿಡಲಿಲ್ಲ.

ಹೇಳಬೇಕು ಎಂದುಕೊಂಡ. ಈಗ ಬೇಡ, ಕಾರ್ಡು ಹಾಕಲಿ ಎಂದುಕೊಂಡ. ಚಿಕ್ಕಳಿಯ ಕಾರ್ಡು ಹಾಕಿದ. ತಂತಿ ಕಟ್ಟಲಿ ಎಂದುಕೊಂಡ. ಕಟ್ಟಿದ. ಒಳಗಿನಿಂದ ಇನ್ನೊಂದು ದನಿ, ಸುಡಲಿ ಬಿಡು, ಎಲ್ಲರೂ ನೋಡಲಿ, ಆಮೇಲೆ ಯಾರ ಮುಖ ನೋಡುತ್ತಾರೆ ನೋಡೋಣ ಅನ್ನುತ್ತಿತ್ತು. ಆ ದನಿಗೆ ಅವನು ಕಿವಿ ಕೊಟ್ಟ, ಸುಳ್ಳು ಯಾಕೆ. ಮುಕ್ಕಾಲು ಗಂಟೆ ಕೊಟ್ಟ. ಹೆಂಡತಿ ಬಂದು, ಏನ್ರೀ ಮುಖ ಹೀಗಿದೆ, ತಲೆನೋವಾ ಎಂದು ಕೇಳಿದರೆ ಹೌದು ಅಂದ.

ಗಾಜು ಮುಚ್ಚಿಯಾಯಿತು. ಚಿಕ್ಕಳಿಯ ಗೋಡೆಗೆ ಪ್ಲಗ್ಗು ಸಿಕ್ಕಿಸಿ, ಅಮ್ಮಾ, ನೀವೇ ಸ್ವಿಚ್ಚು ಒತ್ತಿ ಎಂದು ಉಣ್ಣೆಯಮ್ಮನನ್ನು ಕರೆದ. ಅವಳು ಸೆರಗಿಗೆ ಕೈ ಒರೆಸಿಕೊಂಡು ಬಂದಳು. ಡಬ್ಬಿಯ ಹಿಂದೆ ಬೆರಳು ಹುಡುಕುತ್ತಿತ್ತು. ಗಾಜಿನೊಳಗೆ ಬೋರ್ಡು ಕಾಣುತ್ತಿತ್ತು. ಅಂಚಿನಲ್ಲಿ ದೊಡ್ಡಳಿಯ ಸೆಲ್ಲು ಬೆಸೆದ ಗುರುತು, ಅವನೇ ಹಚ್ಚಿದ ಹಸಿರು ಬಣ್ಣದ ಚುಕ್ಕೆ. ಇಷ್ಟು ವರ್ಷ ತನ್ನ ಕೈಯಲ್ಲಿ ಬದುಕಿದ್ದು ಇವನ ಕೈಯಲ್ಲಿ ಸಾಯುವುದೇ ಎಂದು ದೊಡ್ಡಳಿಯನಿಗೆ ತಡೆಯಲಾಗಲಿಲ್ಲ. ಕೂತಲ್ಲಿಂದ ಎದ್ದ. ಗೋಡೆಯ ಪ್ಲಗ್ಗು ಕಿತ್ತ.

ಹೆಂಗಸರಲ್ಲೊಬ್ಬಳು ಇನ್ನೊಬ್ಬಳನ್ನು ಮೊಣಕೈಯಿಂದ ತಿವಿದಳು. ಹೆಂಡತಿ ನಾಚಿಕೆಯಿಂದ ತಲೆ ತಗ್ಗಿಸಿದಳು. ಇವನ ಕಣ್ಣಲ್ಲಿ ಇದನ್ನೂ ನೋಡಲಾಗಲಿಲ್ಲ ಎಂದೇ ಎಲ್ಲರ ಮುಖದಲ್ಲಿ ಬರೆದಿತ್ತು. ಅವನು ಗಾಜು ತೆಗೆದ, ನಾಲ್ಕು ಸ್ಕ್ರೂ ಬಿಚ್ಚಿದ, ಬೋರ್ಡು ಎತ್ತಿ ಬೆನ್ನು ತೋರಿಸಿದ. ಬೆಸುಗೆಯ ಮೇಲೆ ಗೂಟ ಒತ್ತಿದ ಹೊಳೆಯುವ ಗೀರು ಇತ್ತು.

ಚಿಕ್ಕಳಿಯ ಬಗ್ಗಿ ನೋಡಿದ. ಮುಖ ಬಿಳಿಚಿಕೊಂಡಿತು.

"ಅಮ್ಮಾ, ನಾನು ಸುಟ್ಟೇಬಿಡ್ತಿದ್ದೆ. ನಂಗೆ ಗೊತ್ತೇ ಆಗ್ಲಿಲ್ಲ. ಭಾವ ಇಲ್ದಿದ್ರೆ ಇವತ್ತು ನಿಮ್ಮ ಮಷಿನ್ನು ಹೋಗಿತ್ತು," ಅಂದ. ಹೆಂಗಸರ ಎದುರಿಗೇ, ತಡವರಿಸದೆ ಅಂದ. ಹೆಂಗಸರ ಮುಖ ಕರಗಿತು. ಎಂಥ ದೊಡ್ಡ ಮನಸ್ಸು ಎಂದು ಒಬ್ಬಳು ಪಿಸುಗುಟ್ಟಿದ್ದೂ ಕೇಳಿಸಿತು. ತಪ್ಪು ಒಪ್ಪಿಕೊಳ್ಳುವುದರಲ್ಲೂ ಇವನೇ ಮುಂದೆ ಹೋದನಲ್ಲ ಎಂದು ದೊಡ್ಡಳಿಯನಿಗೆ ಮೈಯೆಲ್ಲ ಉರಿಯಿತು.

ಉಣ್ಣೆಯಮ್ಮ ಬೋರ್ಡು ನೋಡಲಿಲ್ಲ. ದೊಡ್ಡಳಿಯನ ಮುಖವನ್ನೇ ನೋಡುತ್ತಿದ್ದಳು.

"ಯಾವಾಗ ನೋಡಿದ್ರಿ?"

ಈಗಷ್ಟೇ ಅನ್ನಬಹುದಿತ್ತು. ನಾಲಿಗೆಯ ತುದಿಯಲ್ಲೇ ಇತ್ತು.

"ಚಹಾ ಕುಡಿಯುವಾಗ," ಅಂದ.

ಉಣ್ಣೆಯಮ್ಮ ಖಾಲಿ ಲೋಟಗಳ ಕಡೆ ನೋಡಿದಳು. ಅವು ಎಂದೋ ಒಣಗಿದ್ದವು.

"ಅಷ್ಟು ಹೊತ್ತೂ ನನ್ನ, ಈ ಇಬ್ಬರು ಹೆಂಗಸರ ಅನ್ನದ ಮೇಲೆ ಕೂತಿದ್ರಿ," ಅಂದಳು. ದನಿ ಏರಿಸಲಿಲ್ಲ. "ಕೂತವರು ಎದ್ದಿರಲ್ಲ, ಅದಕ್ಕೆ ಬೇರೆ ಮಾತು ಆಡಲ್ಲ. ಈಗ ನೀವು ಹೇಳಿ, ಅವನು ಮಾಡಲಿ. ಇನ್ನೊಂದು ಸಲ ಹೀಗಾದ್ರೆ ನೀವು ಎದ್ದೇಳೋದನ್ನ ಕಾಯ್ಕೊಂಡು ನಾನು ಕೂರೋಕಾಗಲ್ಲ. ಇಬ್ಬರಿಗೂ ಬರಬೇಕು."

ಬೈದಿದ್ದರೆ ಬೈಸಿಕೊಂಡು ಮನೆಗೆ ಹೋಗಬಹುದಿತ್ತು. ಇದು ಕೈಯಲ್ಲಿದ್ದ ಒಂದೇ ಗುಟ್ಟನ್ನು ಮೂರನೆಯವರ ಮುಂದೆ ಎತ್ತಿ ಕೊಡುವ ಕೆಲಸ. ದೊಡ್ಡಳಿಯ ನೆಲದ ಮೇಲೆ ಕೂತ, ಪಕ್ಕದಲ್ಲಿ ಚಿಕ್ಕಳಿಯ ಮೊಣಕಾಲೂರಿದ. ಮೊದಲು ಬೋರ್ಡಿನ ಅಳತೆಗೆ ಒಂದು ರಟ್ಟು ಕತ್ತರಿಸು ಅಂದ ದೊಡ್ಡಳಿಯ. ಬೋರ್ಡಿನ ತೂತುಗಳನ್ನು ಪೆನ್ನಿನಿಂದ ರಟ್ಟಿಗೆ ಇಳಿಸು. ಈಗ ಬೋರ್ಡು ಬಿಟ್ಟು ರಟ್ಟನ್ನು ಡಬ್ಬಿಯೊಳಗಿಡು. ಯಾವ ಗೂಟ ತೂತಿಗೆ ಬರುವುದಿಲ್ಲವೋ ಅದನ್ನು ಬಿಚ್ಚು. ಗೂಟವಿಲ್ಲದ ಮೂಲೆ ಜೋತುಬೀಳದಂತೆ ಪ್ಲಾಸ್ಟಿಕ್ಕಿನ ಕಾಲು ಕೊಡು, ಅದರ ಬುಡ ಕತ್ತರಿಸಿ ತಗಡಿನ ಮೇಲೆ ನಿಲ್ಲಿಸು. ಇದು ಯಾವ ಪುಸ್ತಕದ್ದೂ ಅಲ್ಲ, ಮೆಟ್ಟಿಲ ಕೆಳಗೆ ನಾಲ್ಕು ಬೋರ್ಡು ಸುಟ್ಟ ಮೇಲೆ ಅವನೇ ಕಂಡುಕೊಂಡದ್ದು. ಹೇಳುತ್ತ ಹೇಳುತ್ತ ಬಾಯಿ ತಡವರಿಸುತ್ತಿತ್ತು. ಚಿಕ್ಕಳಿಯ ಮರುಪ್ರಶ್ನೆ ಹಾಕದೆ ಮಾಡಿದ.

ಬೋರ್ಡು ಮತ್ತೆ ಕೂತ ಮೇಲೆ ಉಣ್ಣೆಯಮ್ಮ ಸ್ವಿಚ್ಚು ಒತ್ತಿದಳು. ಫ್ಯಾನು ತಿರುಗಿತು, ನೀಲಿ ಬೆಳಕು ಬಂತು, ಹಳೇ ಪರದೆಯಲ್ಲಿ ಅಕ್ಷರಗಳು ಒಂದೊಂದಾಗಿ ಮೂಡಿದವು. ಯಂತ್ರ ಕಟಕಟ ಎಂದು ಮೊದಲ ಸಾಲು ಹೆಣೆಯಿತು. ಪಕ್ಕದ ಮನೆಯವಳು ಇಣುಕಿ, ಎಷ್ಟು ಚೆಂದದ ಡಬ್ಬಿ, ಯಾರು ತಂದದ್ದು ಎಂದು ಕೇಳಿದಳು. ಚಿಕ್ಕಳಿಯ ಎಂದು ಹೇಳಿದರು. ಅದು ನಿಜವೇ ಆಗಿತ್ತು.

ವಾಪಸು ಹೋಗುವಾಗ ಮನೆಯ ತಿರುವಿನಲ್ಲಿ ಹೆಂಡತಿ, ಯಾಕೆ ನಿಜ ಹೇಳಿದಿರಿ, ಈಗ ನೋಡಿದೆ ಅಂದಿದ್ದರೆ ಆಗುತ್ತಿತ್ತಲ್ಲ ಎಂದು ಕೇಳಿದಳು. ಅವನಿಗೂ ಗೊತ್ತಿರಲಿಲ್ಲ.

"ಆ ರಟ್ಟಿನ ಕೆಲಸ ಕಲಿಯೋಕೆ ನಂಗೆ ಆರು ವರ್ಷ ಹಿಡೀತು ಕಣೆ," ಅಂದ. "ಅವನು ಒಂದೇ ಸಲಕ್ಕೆ ಕಲಿತ."