ಇಂದುಮತಿಬಾಯಿಯ ಲಿನಕ್ಸ್

ಎರಡು ಸಾವಿರದ ನಾಲ್ಕರ ಜೂನ್ ತಿಂಗಳ ಒಂದು ಶನಿವಾರ ಬೆಳಿಗ್ಗೆ, ಕಲಕತ್ತೆಯ ಮನೆಯೊಂದರಲ್ಲಿ ಕಂಪ್ಯೂಟರ್ ರಿಪೇರಿಯ ತಾಪಸ್ ಕೈ ಒರೆಸಿಕೊಳ್ಳುತ್ತಾ ಅಡಿಗೆಮನೆಯ ಬಾಗಿಲಿಗೆ ಬಂದು, "ಆಯಿತು ಬೌದಿ, ಎಲ್ಲಾ ಸ್ವಚ್ಛ ಮಾಡಿಬಿಟ್ಟೆ" ಎಂದು ಬಂಗಾಳಿಯಲ್ಲಿ ಹೇಳಿದ. ಬೌದಿ ಎಂದರೆ ಅತ್ತಿಗೆ.

ಇಂದುಮತಿಬಾಯಿ ರೊಟ್ಟಿ ಬಡಿಯುವುದನ್ನು ನಿಲ್ಲಿಸಿ ಹೊರಗೆ ಬಂದರು. ವಾರದಿಂದ ವೈರಸ್ ಹೊಕ್ಕು ತಾನೇ ತಾನಾಗಿ ಆರಿಹೋಗುತ್ತಿದ್ದ ಕಂಪ್ಯೂಟರ್ ಈಗ ಹೊಸದರಂತೆ ಹೊಳೆಯುತ್ತಿತ್ತು. ಅವರು ತಮ್ಮ ಫೈಲು ಇದ್ದ ಕಡೆ ಹೋಗಿ ನೋಡಿದರು. ಇರಲಿಲ್ಲ. ಪಕ್ಕದಲ್ಲಿ ನೋಡಿದರು. ಅಲ್ಲೂ ಇರಲಿಲ್ಲ.

"ನನ್ನ ಬರಹ ಎಲ್ಲಿ?"

"ಬರಹ ಏನೂ ಇರಲಿಲ್ಲ ಬೌದಿ. ತೆರೆದು ನೋಡಿದೆ. ಬರೀ ಹಿಜಿಬಿಜಿ."

ವೈರಸ್ ಕನ್ನಡದ ಫಾಂಟನ್ನು ಕೆಡಿಸಿತ್ತು. ಫಾಂಟ್ ಇಲ್ಲದ ಕಂಪ್ಯೂಟರಿನಲ್ಲಿ ಅವರ ಕನ್ನಡ ಗೀಚಿದ ಗೀಟುಗಳಂತೆ ಕಂಡಿದ್ದರೆ ಅದು ತಾಪಸನ ತಪ್ಪಲ್ಲ. ಕೇಳದೆ ಅಳಿಸಿದ್ದು ಮಾತ್ರ ಅವನದೇ ತಪ್ಪು. ಎಂಬತ್ತಾರು ಪುಟ ಹೋಗಿತ್ತು.

ಆ ಎಂಬತ್ತಾರು ಪುಟ ಏನೆಂದು ಹೇಳಬೇಕಾದರೆ ಸ್ವಲ್ಪ ಹಿಂದಕ್ಕೆ ಹೋಗಬೇಕು. ಧಾರವಾಡದ ಟೈಪಿಂಗ್ ಶಾಲೆಯಲ್ಲಿ ಕನ್ನಡ, ಇಂಗ್ಲಿಷು ಎರಡರಲ್ಲೂ ಸೀನಿಯರ್ ಪಾಸಾಗಿ, ವಕೀಲರೊಬ್ಬರ ಕಚೇರಿಯಲ್ಲಿ ಎರಡು ವರ್ಷ ಕೆಲಸ ಮಾಡಿದ ಹೆಣ್ಣುಮಗಳು, ರೈಲ್ವೆಯ ವಿಶ್ವನಾಥರನ್ನು ಮದುವೆಯಾಗಿ, ಮಗಳು ಹುಟ್ಟಿದ ಮೇಲೆ ೧೯೮೧ರಲ್ಲಿ ಕಲಕತ್ತೆಗೆ ಬಂದಿಳಿದಳು. ಬಂದ ಎರಡನೇ ತಿಂಗಳಿಗೇ ಒಂದೂವರೆ ವರ್ಷದ ಮಗಳು ನಮ್ರತಾಗೆ ಭೇದಿ ಹಿಡಿಯಿತು. ಗಂಡ ಖರಗಪುರಕ್ಕೆ ಹೋಗಿದ್ದರು. ಔಷಧಿ ಅಂಗಡಿಯ ಮುಂದೆ ಮಗು ಎತ್ತಿಕೊಂಡು ನಿಂತ ಇಂದುಮತಿಗೆ ಹಿಂದಿ ಅಷ್ಟಕ್ಕಷ್ಟೆ, ಬಂಗಾಳಿ ಒಂದಕ್ಷರ ಇಲ್ಲ. ಕೈಸನ್ನೆಯಿಂದ ತಿಳಿಸಲು ಹೋದಾಗ ಸಾಲಿನಲ್ಲಿದ್ದ ಇಬ್ಬರು ನಕ್ಕರು. ಆ ದಿನ ಮನೆಗೆ ಬಂದು, ಮಗುವಿಗೆ ಔಷಧಿ ಕುಡಿಸಿ, ಡೈರಿಯೊಂದರಲ್ಲಿ ಮೊದಲ ಬಂಗಾಳಿ ಮಾತನ್ನು ಕನ್ನಡ ಅಕ್ಷರದಲ್ಲಿ ಬರೆದಿಟ್ಟರು. ಇಪ್ಪತ್ತು ವರ್ಷದಲ್ಲಿ ಏಳು ಡೈರಿ ತುಂಬಿದವು. ಮೀನು ತಿನ್ನದವರು ಊಟಕ್ಕೆ ಕರೆದವರಿಗೆ ಹೇಳುವುದೇನು, ಹೆರಿಗೆ ಆಸ್ಪತ್ರೆಯಲ್ಲಿ ಕೇಳುವುದೇನು, ದುರ್ಗಾಪೂಜೆಯ ಚಂದಾ ಕೇಳಲು ಬಂದವರಿಗೆ ಮರ್ಯಾದೆಯಿಂದ ಇಲ್ಲವೆನ್ನುವುದು ಹೇಗೆ. ವರ್ಗವಾಗಿ ಬರುವ ಕನ್ನಡದ ಹೆಂಗಸರಿಗೆಂದು ಅದನ್ನೆಲ್ಲಾ ಜೋಡಿಸಿ, ವಿಂಗಡಿಸಿ, ಮೂರು ವರ್ಷ ಕೂತು ಟೈಪು ಮಾಡಿದ ಪುಸ್ತಕ ಅದು.

ವಿಶ್ವನಾಥರು ಪತ್ರಿಕೆ ಮಡಚಿಟ್ಟು, "ಹೋಗ್ಲಿ ಬಿಡು. ಡೈರಿ ಅದಾವಲ್ಲ" ಎಂದರು.

"ಡೈರಿ ಅದಾವ್ರೀ. ಆದ್ರ ನನ್ನನ್ನ ಒಂದ್ ಮಾತು ಕೇಳದ ಅಳಿಸಿದ್ನಲ್ಲ. ಇನ್ಮ್ಯಾಲ ಆ ಡಬ್ಬಿಗೆ ನಾ ಬಿಟ್ಟು ಬ್ಯಾರೆ ಯಾರೂ ಕೈ ಹಚ್ಚಂಗಿಲ್ಲ."

ಇದನ್ನು ಮನೆಯಲ್ಲಿ ಯಾರೂ ಗಂಭೀರವಾಗಿ ತೆಗೆದುಕೊಳ್ಳಲಿಲ್ಲ. ಸಾಫ್ಟ್‌ವೇರ್ ಕಚೇರಿಗಳ ಬಡಾವಣೆ ಸೆಕ್ಟರ್ ಫೈವ್‌ನ ಕಂಪನಿಯೊಂದರಲ್ಲಿ ಪ್ರೋಗ್ರಾಮರ್ ಆಗಿದ್ದ ನಮ್ರತಾ, "ಅಮ್ಮ, ಅವನು ಹಾಕೋದೆಲ್ಲಾ ಕಳ್ಳ ಸಿಡಿ, ಅದಕ್ಕೇ ವೈರಸ್ ಬರತ್ತೆ" ಎಂದಷ್ಟೇ ಹೇಳಿ ಆಫೀಸಿನ ಕ್ಯಾಬ್ ಹತ್ತಿದಳು. ಕಳ್ಳ ಸಿಡಿ ಎಂಬ ಮಾತು ಇಂದುಮತಿಬಾಯಿಗೆ ಇನ್ನಷ್ಟು ಚುಚ್ಚಿತು. ಮೂರು ವರ್ಷ ತಾವು ಅದರ ಮೇಲೆ ಕೂತು ಬರೆದಿದ್ದರು!

ಮರುವಾರ ಎಸ್ಪ್ಲನೇಡಿನ ಫುಟ್‌ಪಾತಿನಲ್ಲಿ ಹಳೆಯ ಕಂಪ್ಯೂಟರ್ ಪತ್ರಿಕೆಗಳನ್ನು ಒಂದೊಂದಾಗಿ ತಿರುವಿ ಹಾಕಿದರು. ಒಂದರ ಬೆನ್ನಿಗೆ, ಕಂಪ್ಯೂಟರನ್ನು ನಡೆಸುವ ಲಿನಕ್ಸ್ ಎಂಬ ಸಿಸ್ಟಮ್ಮಿನ ಸಿಡಿ ಅಂಟಿಸಿತ್ತು. ಉಚಿತವಾಗಿ ಹಾಕಿಕೊಳ್ಳಬಹುದು, ನಕಲು ಮಾಡಿ ಹಂಚಬಹುದು, ಬೇಕಾದರೆ ತಿದ್ದಲೂಬಹುದು ಎಂದು ಮುಖಪುಟದಲ್ಲೇ ಬರೆದಿತ್ತು. ತಿದ್ದಬಹುದು ಎಂಬಲ್ಲಿ ಅವರ ಬೆರಳು ನಿಂತಿತು. ಕೊಂಡು ತಂದರು.

ಮೊದಲ ಸಲ ಹಾಕಿದಾಗ ಪರದೆ ಕಪ್ಪಾಗಿ ನಿಂತುಬಿಟ್ಟಿತು. ಎರಡನೇ ಸಲವೂ ಅಷ್ಟೆ. ಅದನ್ನು ಹಾಕುವ ಬಗೆ ತಿಳಿಸಿದ್ದ ಪತ್ರಿಕೆಯ ನಾಲ್ಕು ಪುಟಗಳನ್ನು ಟೈಪಿಂಗ್ ಪರೀಕ್ಷೆಗೆ ಓದಿದ ಹಾಗೆ ಪೆನ್ಸಿಲ್ ಹಿಡಿದು ಓದಿದರು. ಮಾನಿಟರಿನ ಹಿಂಬದಿಗೆ ಹೋಗಿ ಅದರ ಮಾದರಿಯ ನಂಬರು ಬರೆದುಕೊಂಡು ಬಂದು, ಕೇಳಿದ ಕಡೆ ತುಂಬಿದರು. ಮೂರನೇ ಸಲ, ಇಡೀ ಡಿಸ್ಕನ್ನು ಅಳಿಸಲೇ ಎಂದು ಅದು ಕೇಳಿತು. "ನೋಡ್ರೀ, ಇದಕ್ಕಾದ್ರೂ ಕೇಳೂ ಸೌಜನ್ಯ ಅದ" ಎಂದು ಗಂಡನಿಗೆ ಹೇಳಿ, ಹೂಂ ಎಂದು ಒತ್ತಿದರು. ಮಧ್ಯಾಹ್ನದ ಊಟದ ಹೊತ್ತಿಗೆ ಪರದೆಯ ಮೇಲೆ ಹೊಸ ಸಿಸ್ಟಂ ಎದ್ದು ನಿಂತಿತ್ತು.

ಮೋಡೆಮ್ ಮಾತ್ರ ಏನು ಮಾಡಿದರೂ ಏಳಲಿಲ್ಲ. ಇಂಟರ್ನೆಟ್ ಇಲ್ಲ. ತಿಂಗಳಿಗೊಮ್ಮೆ ಭಾನುವಾರ, ಲಿನಕ್ಸ್ ಬಳಸುವವರು ಕಾಲೇಜೊಂದರ ಕೋಣೆಯಲ್ಲಿ ಸೇರುತ್ತಾರೆಂದು ಪತ್ರಿಕೆಯಲ್ಲಿತ್ತು. ಇಳಕಲ್ ಸೀರೆ ಉಟ್ಟು, ಚೀಲದಲ್ಲಿ ಮೋಡೆಮ್ ಕಾರ್ಡ್ ಇಟ್ಟುಕೊಂಡು ಹೋದರು. ಇಪ್ಪತ್ತೈದು ಜನ, ಎಲ್ಲಾ ಗಂಡಸರು. ಗಡ್ಡದ ಉಪನ್ಯಾಸಕರೊಬ್ಬರು ಎದ್ದು, ಬಂಗಾಳಿಯಲ್ಲಿ ಚಿಕ್ಕಮ್ಮನನ್ನು ಕರೆಯುವಂತೆ, "ಮಾಶಿಮಾ, ಯಾರ ಜೊತೆ ಬಂದಿದ್ದೀರಿ? ಮಗನನ್ನು ಹುಡುಕುತ್ತಿದ್ದೀರಾ?" ಎಂದು ಕೇಳಿದರು.

"ನನ್ನ ಜೊತೆ ನಾನೇ ಬಂದಿದ್ದೇನೆ" ಎಂದು ಬಂಗಾಳಿಯಲ್ಲಿ ಉತ್ತರಿಸಿ, ಇಂದುಮತಿಬಾಯಿ ಮುಂದಿನ ಬೆಂಚಿನಲ್ಲೇ ಕೂತರು. ಅದು ಬೇರೆ ಸಿಸ್ಟಮ್ಮಿಗೆಂದೇ ಮಾಡಿದ ಮೋಡೆಮ್, ಹೊರಗಡೆ ಇಡುವಂಥದ್ದು ಬೇಕು ಎಂಬುದನ್ನು ತಿಳಿದುಕೊಂಡೇ ಎದ್ದು ಬಂದರು.

ಹೊಸ ಮೋಡೆಮ್ ಬಂತು, ಇಂಟರ್ನೆಟ್ ಬಂತು, ಕನ್ನಡದ ಫಾಂಟೂ ಇಳಿಯಿತು. ಮೊದಲ ಡೈರಿ ತೆರೆದು ಟೈಪು ಮಾಡಲು ಕೂತರು. ಎರಡನೇ ಸಾಲಿಗೇ ಕೈ ನಿಂತಿತು. "ಅರ್ಧ ಕಿಲೋ" ಎಂದು ಒತ್ತಿದರೆ ಅರ್ಕಾವತ್ತು ಧಕಾರದ ಪಕ್ಕ ಕೂರುವುದು ಬಿಟ್ಟು ಅಕಾರದ ನೆತ್ತಿಯೇರಿ ಕೂತಿತ್ತು. ದರ್ಜಿ, ಖರ್ಚು, ಚರ್ಮ, ಗರ್ಭಿಣಿ, ಎಲ್ಲದಕ್ಕೂ ಅದೇ ಗತಿ.

"ನೋಡಿದ್ಯಾ?" ಎಂದಳು ನಮ್ರತಾ. "ಇದು ಸರ್ವರ್‌ಗಳಿಗೆ ಅಮ್ಮ. ಮನೆಯಲ್ಲಿ ಯಾರೂ ಯೂಸ್ ಮಾಡಲ್ಲ. ಅದರಲ್ಲೂ ಕೋಲ್ಕತಾದಲ್ಲಿ ಕೂತು ಕನ್ನಡದಲ್ಲಿ! ಯಾರು ಸರಿ ಮಾಡ್ತಾರೆ?"

"ತಿದ್ದಬಹುದು ಅಂತ ಬರದಾರ. ತಿದ್ದಸ್ತೀನಿ."

ಲಿನಕ್ಸ್ ತಯಾರಿಸುವವರೆಲ್ಲಾ ಒಟ್ಟಿಗೆ ಓದುವ ಮೇಲಿಂಗ್ ಲಿಸ್ಟಿಗೆ, ವಕೀಲರ ಕಚೇರಿಯಲ್ಲಿ ಕಲಿತ ಇಂಗ್ಲಿಷಿನಲ್ಲಿ ಪತ್ರ ಬರೆದರು. ನಲವತ್ತು ಪದಗಳನ್ನು ಪಟ್ಟಿ ಮಾಡಿ, ಹೇಗೆ ಕಾಣಬೇಕು, ಹೇಗೆ ಕಾಣುತ್ತಿದೆ ಎಂದು ಕೈಯಲ್ಲಿ ಬಿಡಿಸಿ, ಸ್ಕ್ಯಾನ್ ಮಾಡಿ ಕಳಿಸಿದರು. ಹನ್ನೊಂದು ದಿನ ಯಾರೂ ಉಸಿರೆತ್ತಲಿಲ್ಲ. ಆಮೇಲೆ ಒಬ್ಬಾತ, ಈ ಭಾಷೆಯನ್ನು ಲಿನಕ್ಸಿನಲ್ಲಿ ಬಳಸುವವರು ತೀರ ಕಡಿಮೆ, ಸದ್ಯಕ್ಕೆ ಆಗದು ಎಂದು ಬರೆದ. ಇಂದುಮತಿಬಾಯಿ ಮರುಟಪಾಲಿಗೇ ಉತ್ತರಿಸಿದರು: ಬಳಸುವವಳು ನಾನೊಬ್ಬಳು ಇಲ್ಲಿದ್ದೇನೆ, ಕಾಯುತ್ತಿದ್ದೇನೆ. ಅಲ್ಲಿಂದ ಪ್ರತಿ ಸೋಮವಾರ ಸ್ನಾನ, ಪೂಜೆ ಮುಗಿಸಿ ಒಂದು ಪತ್ರ. ಆರನೇ ಸೋಮವಾರ ಬೇರೆ ಯಾರೋ, ಪ್ರೋಗ್ರಾಮಿನ ತಿದ್ದಿದ ತುಣುಕೊಂದನ್ನು ಕಳಿಸಿ ಪರೀಕ್ಷಿಸುವಿರಾ ಎಂದು ಕೇಳಿದರು. ಪರೀಕ್ಷಿಸಿದರು. ಅರ್ಕಾವತ್ತು ನೆತ್ತಿಯಿಂದ ಇಳಿದಿತ್ತು, ಆದರೆ ಗುಣಿತ ಸೇರಿದ ಕೂಡಲೇ ಮತ್ತೆ ಹತ್ತುತ್ತಿತ್ತು. ಮತ್ತೆ ಬರೆದರು.

ಇಷ್ಟರಲ್ಲಿ ಮನೆಯಲ್ಲಿ ಅಸಮಾಧಾನ ಕುದಿಯುತ್ತಿತ್ತು. ನಮ್ರತಾಳ ಕ್ಯಾಮೆರಾದ ಫೋಟೋಗಳು ತೆರೆಯುತ್ತಿರಲಿಲ್ಲ. ವಿಶ್ವನಾಥರ ಇಸ್ಪೀಟಿನ ಆಟ ಹಳೆಯ ಹಾಗಿರಲಿಲ್ಲ. ತಾಯಿ ಇಲ್ಲದ ಹೊತ್ತು ನೋಡಿ ನಮ್ರತಾ ತಾಪಸನಿಗೆ ಫೋನು ಮಾಡಿದಳು.

ಆ ದಿನ ಇಂದುಮತಿಬಾಯಿ ಪ್ರಿಂಟರಿನ ಇಂಕಿಗೆಂದು ಎಸ್ಪ್ಲನೇಡಿಗೆ ಹೋಗಿದ್ದರು. ಅಲ್ಲಿ ಯಾವುದೋ ಮೆರವಣಿಗೆ. ಅಂಗಡಿಗಳ ಷಟರ್ ಅರ್ಧಕ್ಕಿಳಿದಿತ್ತು. ಬರಿಗೈಯಲ್ಲಿ ಬೇಗ ವಾಪಸಾದರು. ಬಾಗಿಲು ತೆರೆದರೆ ತಾಪಸ್ ಅವರ ಕುರ್ಚಿಯಲ್ಲಿ ಕೂತಿದ್ದ. ಡ್ರೈವಿನಲ್ಲಿ ಅವನ ಸಿಡಿ ತಿರುಗುತ್ತಿತ್ತು.

ಅವರು ಚಪ್ಪಲಿ ಬಿಡಲಿಲ್ಲ. ನೆಟ್ಟಗೆ ಹೋಗಿ ಗೋಡೆಯ ಸ್ವಿಚ್ ಆರಿಸಿದರು.

"ಬೌದಿ, ದೀದಿನೇ ಕರೆದದ್ದು..."

"ಏಳು."

"ಇಷ್ಟು ಕಷ್ಟ ಯಾಕೆ ಪಡುತ್ತೀರಿ? ಐದು ನಿಮಿಷದ ಕೆಲಸ."

"ಹೋದ ಸಲವೂ ಐದು ನಿಮಿಷದ ಕೆಲಸವೇ. ಮೂರು ವರ್ಷ ಅಳಿಸಿಹೋಯಿತು. ನೀನು ಹಿಜಿಬಿಜಿ ಅಂದೆಯಲ್ಲ, ಅದು ನನ್ನ ಭಾಷೆ. ನನ್ನ ಮನೆಯಲ್ಲಿ ಅದನ್ನು ಅಳಿಸಬೇಕಾದರೆ ನನ್ನನ್ನು ಕೇಳಬೇಕು. ಕೇಳಿದರೂ ನಾನು ಬಿಡುವುದಿಲ್ಲ. ಏಳು."

ತಾಪಸ್ ಎದ್ದ. ಅವನ ಸಿಡಿಯನ್ನು ತೆಗೆದುಕೊಟ್ಟು ಬಾಗಿಲವರೆಗೂ ಕಳಿಸಿ ಬಂದು, ಮೆಷಿನ್ ಹಚ್ಚಿ ನೋಡಿದರು. ಏನೂ ಹೋಗಿರಲಿಲ್ಲ. ಆಗ ಮಾತ್ರ ಚಪ್ಪಲಿ ಬಿಟ್ಟರು.

ನಮ್ರತಾ ಕೋಣೆಯಿಂದ ಹೊರಬಂದಳು. "ಎಲ್ಲರೂ ಏನು ಯೂಸ್ ಮಾಡ್ತಾರೋ ಅದನ್ನೇ ಮಾಡಿದ್ರೆ ಏನಮ್ಮ ನಿನಗೆ?"

"ನಾವು ಈ ಊರಿಗೆ ಬಂದಾಗ ಎಲ್ಲಾರೂ ಹೇಳಿದ್ರು, ಮನಿಯೊಳಗ ಹಿಂದಿ ಮಾತಾಡ್ರಿ, ಹುಡುಗಿಗೆ ಅನುಕೂಲ ಅಂತ. ನಾ ಕೇಳಲಿಲ್ಲ. ಅದಕ್ಕಽ ನಿನಗ ಇವತ್ತ ನನ್ನ ಜೋಡಿ ಜಗಳಾಡ್ಲಿಕ್ಕೆ ಕನ್ನಡ ಬರ್ತದ."

ದುರ್ಗಾಪೂಜೆಯ ಬೋನಸ್ ಬಂದಾಗ ನಮ್ರತಾ ತನಗೇ ಬೇರೊಂದು ಕಂಪ್ಯೂಟರ್ ತಂದು ತನ್ನ ಕೋಣೆಯಲ್ಲಿಟ್ಟುಕೊಂಡಳು. ವಿಶ್ವನಾಥರು ಇಸ್ಪೀಟಿಗೆ ಮಗಳ ಕೋಣೆಗೆ, ಕನ್ನಡದಲ್ಲಿ ಪತ್ರ ಟೈಪು ಮಾಡಿಸಲು ಹೆಂಡತಿಯ ಬಳಿಗೆ ಓಡಾಡತೊಡಗಿದರು.

ಡಿಸೆಂಬರಿನಲ್ಲಿ ಬಂದ ಹೊಸ ಆವೃತ್ತಿಯಲ್ಲಿ ಅರ್ಕಾವತ್ತು ತನ್ನ ಜಾಗದಲ್ಲಿ ಕೂತಿತು. ಯಾವ ಬದಲಾವಣೆ, ಯಾರು ತಿಳಿಸಿದ್ದು ಎಂಬ ಸಣ್ಣಕ್ಷರದ ಉದ್ದ ಪಟ್ಟಿಯಲ್ಲಿ ಒಂದು ಕಡೆ ಅವರ ಹೆಸರಿತ್ತು. ಅದನ್ನು ಮೊದಲು ಕಂಡದ್ದು ನಮ್ರತಾ. ಆಫೀಸಿನಿಂದಲೇ ಫೋನು ಮಾಡಿದಳು. "ಅಮ್ಮ, ನಮ್ಮ ಟೀಮ್‌ನಲ್ಲಿ ಯಾರ ಹೆಸರೂ ಇಂಥದ್ರಲ್ಲಿ ಬಂದಿಲ್ಲ, ಗೊತ್ತಾ?" ಎಂದು ತಡೆದು ತಡೆದು ಹೇಳಿದಳು. "ಹೌದಾ? ಹಂಗಾರ ಸಂಜಿಗೆ ಲಗೂ ಬಾ, ಪುಟ ತಿದ್ದಲಿಕ್ಕೆ ಒಬ್ಬರು ಬೇಕು" ಎಂದರು ತಾಯಿ.

ಪುಸ್ತಕ ಮತ್ತೆ ಬರೆಯುವಾಗ ಎಂಬತ್ತಾರು ಪುಟ ನೂರಾ ಹನ್ನೆರಡಾಯಿತು. ಮನೆಯಲ್ಲೇ ಮುದ್ರಿಸಿ, ಝೆರಾಕ್ಸ್ ಮಾಡಿಸಿ, ದಾರ ಹಾಕಿ ಹೊಲಿದ ಮೊದಲ ಪ್ರತಿಗಳನ್ನು ಯುಗಾದಿಯ ದಿನ ಕನ್ನಡ ಬಳಗಕ್ಕೆ ಒಯ್ದರು. ಬ್ಯಾಂಕಿನ ವರ್ಗದ ಮೇಲೆ ಬಂದು ಮೂರು ವಾರವಾಗಿದ್ದ ಬೆಳಗಾವಿಯ ಚನ್ನಮ್ಮ, ಗುಂಪಿನಿಂದ ಪಕ್ಕಕ್ಕೆ ಸರಿದು ಕಂಬದ ಬಳಿ ನಿಂತೇ ಹತ್ತು ಪುಟ ಓದಿದರು. ಓದುತ್ತಾ ತುಟಿ ಅಲ್ಲಾಡುತ್ತಿತ್ತು.

ಬಳಗದ ಅಧ್ಯಕ್ಷ ಪುರುಷೋತ್ತಮರಿಗೆ ಪುಸ್ತಕ ಬಹಳ ಹಿಡಿಸಿತು. "ಇದನ್ನು ಬಳಗದಿಂದಲೇ ಅಚ್ಚು ಹಾಕಿಸೋಣ. ಮೊದಲ ಪುಟದಲ್ಲಿ ನನ್ನದೊಂದು ಸಂದೇಶ, ಪಕ್ಕದಲ್ಲಿ ಫೋಟೋ. ಪ್ರೆಸ್ಸಿನವರು ಹೊಸದಾಗಿ ಕಂಪೋಸ್ ಮಾಡ್ತಾರೆ, ನಿಮ್ಮ ಆ ಉಚಿತ ಲಿನಕ್ಸು ಅವರಿಗೆ ನಡೆಯೋಲ್ಲ" ಎಂದರು.

"ನಡೀತದ್ರೀ. ನಾ ಬಂದು ಪ್ರೆಸ್ಸಿನವರ ಮೆಷಿನ್‌ಗೂ ಹಾಕಿಕೊಡ್ತೀನಿ. ಫೋಟೋ ಮಾತ್ರ ಬ್ಯಾಡ. ಇದು ಹಾಲಿನವರಿಗೆ, ಡಾಕ್ಟರಿಗೆ, ರಿಕ್ಷಾದವರಿಗೆ ಏನ್ ಹೇಳಬೇಕು ಅನ್ನೂ ಪುಸ್ತಕ. ಅಧ್ಯಕ್ಷರಿಗೆ ಹೇಳೂ ಮಾತು ಇದರಾಗ ಇಲ್ಲ."

ಸುತ್ತ ನಿಂತ ಹೆಂಗಸರು ಸೆರಗು ಬಾಯಿಗೆ ಹಚ್ಚಿ ನಕ್ಕರು. ಪುರುಷೋತ್ತಮರೂ ಕೊನೆಗೆ ನಗಲೇಬೇಕಾಯಿತು. ಇಂದುಮತಿಬಾಯಿ ಮಾತ್ರ ನಗಲಿಲ್ಲ. ಪ್ರೆಸ್ಸಿನ ವಿಳಾಸ ಕೇಳಿ ಬರೆದುಕೊಂಡರು.