ಶಾಂತಕ್ಕನ ಅಂದಂದಿನ ಸ್ತೋತ್ರ

ನಮ್ಮ ಶಾಂತಕ್ಕ ದೇವರಿಗೆ ಸ್ತೋತ್ರ, ಅಂದರೆ ನಮ್ಮ ಚರ್ಚಿನವರ ಮಾತಲ್ಲಿ ವಂದನೆ, ಹೇಳುತ್ತಿದ್ದುದು ಕೂಗಿ. ಬೆಳಿಗ್ಗೆ ಬಚ್ಚಲ ಒಲೆ ಮುಂದೆ ಕುಕ್ಕರುಗಾಲಲ್ಲಿ ಕೂತು, ಊದುಗೊಳವೆ ಊದಿ ಊದಿ ಕಣ್ಣು ಕೆಂಪು ಮಾಡಿಕೊಂಡು, "ಸ್ತೋತ್ರ ಸ್ವಾಮೀ! ಕಟ್ಟಿಗೆ ಹಸಿ ಆದ್ರೂ ಹತ್ಕೊಂತು!" ಎಂದರೆ ಜಾಲಹಳ್ಳಿಯ ನಮ್ಮ ವಠಾರವೆಲ್ಲ ಎದ್ದು ಕೂರಬೇಕು.

ಅವರು ನನ್ನ ಗಂಡನ ಅಣ್ಣನ ಹೆಂಡತಿ. ಎಪ್ಪತ್ತರ ದಶಕದಲ್ಲಿ ಬಾಗಲೂರಿನಿಂದ ನಾನು ಆ ಮನೆಗೆ ಸೊಸೆಯಾಗಿ ಬಂದಾಗ ಮೊದಲು ಹೆದರಿದ್ದೇ ಆ ದನಿಗೆ. ಪಕ್ಕದ ಮನೆಯ ಪುಟ್ಟಮ್ಮ ರೇಗಿಸುತ್ತಿದ್ದರು: "ಏನ್ ಶಾಂತಕ್ಕ, ನಿಮ್ಮ ದೇವ್ರಿಗೆ ಕಿವಿ ಕೇಳ್ಸಲ್ವಾ?"

"ದೇವ್ರಿಗೆ ಕೇಳ್ಸುತ್ತೆ ಕಣಮ್ಮ. ನನ್ನ ಹೊಟ್ಟೇಲಿರೋ ಕಿಚ್ಚಿಗೆ ಮೆಲ್ಲಗೆ ಹೇಳಿದ್ರೆ ಕೇಳ್ಸಲ್ಲ. ಮೊನ್ನೆ ನೀನು ರೇಡಿಯೋ ತಂದಾಗ ಎಷ್ಟು ಉರೀತು ಗೊತ್ತಾ? ಅದಕ್ಕೇ ಸ್ತೋತ್ರ ಹೇಳ್ದೆ. ಈಗ ನೋಡು, ಗೋಡೆ ಆಚೆಯಿಂದ ಪುಗಸಟ್ಟೆ ಹಾಡು ಕೇಳ್ತಿದೀನಿ!"

ಹೊಟ್ಟೆಕಿಚ್ಚನ್ನು ಇಷ್ಟು ಬಾಯಿಬಿಟ್ಟು ಹೇಳಿಕೊಂಡವರನ್ನು ನಾನು ಬೇರೆ ಕಂಡಿಲ್ಲ. ಯಾರನ್ನು ಕಂಡರೆ ಉರಿಯುತ್ತದೋ ಅವರ ಹೆಸರು ಹಿಡಿದೇ ಸ್ತೋತ್ರ ಹೇಳಬೇಕು, ಅದೂ ದಿನಾ ಹೊಸದು. ಹೇಳಿದ್ದನ್ನೇ ಹೇಳುವಂತಿಲ್ಲ. "ನಿನ್ನೇದು ಹಳಸಿರುತ್ತೆ ಕಣೇ ಸುಗುಣ. ಹಳಸಿದ್ದನ್ನ ದೇವ್ರಿಗೆ ಬಡಿಸ್ತಾರಾ?" ಎನ್ನುತ್ತಿದ್ದರು ನನಗೆ.

ಅಕ್ಕನಿಗೆ ಮಕ್ಕಳಿರಲಿಲ್ಲ. ನಾನು ಬಂದ ಎರಡನೇ ವರ್ಷಕ್ಕೆ ನನ್ನ ಪ್ರಭಾ ಹುಟ್ಟಿದಳು. ಆ ಪ್ರಭಾಳ ಮಗಳನ್ನು ಈಗ ತೊಡೆಯ ಮೇಲೆ ಹಾಕಿಕೊಂಡು ಕೂತಿದ್ದೇನೆ, ನನ್ನ ಸಂತೋಷ ಈ ಮನೆಯಲ್ಲಿ ಹಿಡಿಯುತ್ತಿಲ್ಲ! ಆದರೆ ಅಂದು ಮನೆ ಬಿಗಿದುಕೊಂಡಿತ್ತು. ಅಕ್ಕ ನನಗೆ ಎಣ್ಣೆನೀರು ಹಾಕಿದರು, ಬಾಣಂತಿ ಖಾರ ಅರೆದರು, ಬಟ್ಟೆ ಒಗೆದರು. ಮಗುವನ್ನು ಮಾತ್ರ ಮುಟ್ಟಲಿಲ್ಲ. ನಾನಿದ್ದ ಕೋಣೆಯ ಹೊಸ್ತಿಲಲ್ಲೇ ಮುಖ ತಿರುಗಿಸಿಬಿಡುತ್ತಿದ್ದರು. ಇವರು ನನ್ನ ಮಗುವನ್ನು ಎಂದಾದರೂ ಎತ್ತಿಕೊಂಡಾರೇ ಎಂದು ನಾನು ಅಳುತ್ತಿದ್ದೆ.

ಅಂಥ ಒಂದು ದಿನ ಬೆಳಿಗ್ಗೆ ಬಚ್ಚಲಿಂದ ದನಿ ಬಂತು: "ಸುಗುಣಂಗೆ ಹೆಣ್ಣು ಹುಟ್ತು, ಸ್ತೋತ್ರ. ಬಾಯಿ ಹೇಳ್ತಿದೆ ಸ್ವಾಮಿ, ಎದೆ ಇನ್ನೂ ಒಪ್ತಿಲ್ಲ. ನಾಳೆ ಬರ್ತೀನಿ."

ನಾಳೆಗೆ ಹೊಸದು ಬೇಕಲ್ಲ! ಅದಕ್ಕಾಗಿ ಹೊಸ್ತಿಲಲ್ಲಿ ನಿಂತು ಇಣುಕಿದರು. "ಕೂದಲು ದಟ್ಟ ಇದೆ, ಸ್ತೋತ್ರ." ಆಮೇಲೆ ತೊಟ್ಟಿಲವರೆಗೂ ಬಂದರು. "ಮೂಗು ಅವರಪ್ಪಂದಲ್ಲ, ಅದಕ್ಕೂ ಸ್ತೋತ್ರ!" ದಿನಾ ಒಂದೊಂದು ಹೆಜ್ಜೆ ಹತ್ತಿರ. ಒಂದು ಬೆಳಿಗ್ಗೆ ಬಚ್ಚಲಲ್ಲಿ ಸದ್ದೇ ಇಲ್ಲ. ನಾನು ಎದ್ದು ಕೂತೆ. ಅಷ್ಟರಲ್ಲಿ ಹೊಗೆ ವಾಸನೆ ಹೊತ್ತ ಅಕ್ಕ ಒಳಗೇ ಬಂದರು.

"ದೂರದಿಂದ ಕಾಣೋದೆಲ್ಲ ಹೇಳಿ ಮುಗೀತು ಕಣೇ. ಮುಷ್ಟಿ ಬಿಚ್ಚಿ ನೋಡ್ಬೇಕು. ಕೊಡೇ ಇಲ್ಲಿ."

ಕೊಟ್ಟೆ. ಆಮೇಲೆ ಹಾಲಿನ ಹೊತ್ತು ಬಿಟ್ಟರೆ ನನಗೆ ಮಗು ಸಿಕ್ಕಿದ್ದೇ ಕಡಿಮೆ.

ಎಂಬತ್ತರ ದಶಕದ ಕೊನೆಗೆ ಅಕ್ಕ ಆಸ್ಪತ್ರೆ ಸೇರಿದರು. ನಾನು ಪಕ್ಕದಲ್ಲಿದ್ದಾಗ ಹೊಸ ನರ್ಸೊಬ್ಬಳು ಮಾತಿಗೆ ಕೇಳಿದಳು, "ಮಕ್ಕಳೆಷ್ಟಮ್ಮ?" ಅಕ್ಕ ನನ್ನ ಮುಖ ನೋಡಿದರು, ಹೇಳಲೇ ಎನ್ನುವ ಹಾಗೆ.

"ಒಬ್ಬಳೇ ಮಗಳು ಸಿಸ್ಟರ್ ಇವರಿಗೆ. ಸ್ಕೂಲಿಗೆ ಹೋಗಿದಾಳೆ, ಸಾಯಂಕಾಲ ಬರ್ತಾಳೆ" ಎಂದೆ.

"ಕೇಳಿದ್ರಾ ಸಿಸ್ಟರ್? ಹೆತ್ತವಳೇ ಹೇಳ್ತಿದಾಳೆ!" ಎಂದು ಅಕ್ಕ ಕೆಮ್ಮು ಬರುವವರೆಗೂ ನಕ್ಕರು. ಅವರು ನಕ್ಕಿದ್ದನ್ನು ನಾನು ಕೊನೆಯದಾಗಿ ನೋಡಿದ್ದು ಅಂದೇ.

ಅಕ್ಕನ ಸಮಾಧಿಗೆ ಮಣ್ಣು ಹಾಕುವಾಗ ಚರ್ಚಿನ ಅಯ್ಯನವರು, "ಮಕ್ಕಳಿದ್ದರೆ ಮುಂದೆ ಬನ್ನಿ" ಎಂದರು. ಪ್ರಭಾ ಯಾರನ್ನೂ ಕೇಳದೆ ಮುಂದೆ ಹೋದಳು. ನಾನು ಒಂದು ಹೆಜ್ಜೆ ಹಿಂದೆ ಸರಿದು ದಾರಿ ಬಿಟ್ಟೆ.