ಬಿಸಿಲಲ್ಲಿ ಕಾಣದ ಕೆಂಪು ಗೆರೆ

ಸುಬೇದಾರ್ರ ಬಲಗಿವಿಯ ಹಿಂದೆ, ಪೆನ್ಸಿಲ್ ಕೂರುವ ಜಾಗದಲ್ಲಿ, ಚರ್ಮ ಸವೆದು ನುಣ್ಣಗೆ ಹೊಳೆಯುತ್ತಿತ್ತು. ಊಟಕ್ಕೆ ಕೂತರೂ ಪೆನ್ಸಿಲ್ ಇಳಿಯುತ್ತಿರಲಿಲ್ಲ. "ಸ್ನಾನಕ್ಕಾದ್ರೂ ತೆಗೀತಾರೋ ಇಲ್ವೋ, ಆ ದೇವರಿಗೇ ಗೊತ್ತು" ಎಂದು ಅವರ ಹೆಂಡತಿ ನನ್ನ ತಟ್ಟೆಗೆ ಅನ್ನ ಬಡಿಸುತ್ತಾ ಗೊಣಗುತ್ತಿದ್ದರು. ಅವರನ್ನು ನಾನು ಆಂಟಿ ಎನ್ನುತ್ತಿದ್ದೆ.

ದೆಹಲಿಯ ಜನಕಪುರಿಯಲ್ಲಿ ಮೆಟ್ರೊ ಕಂಬಗಳು ಏಳುತ್ತಿದ್ದ ಕಾಲ. ಅವರ ಮನೆಯ ಮಹಡಿ ಕೋಣೆಯಲ್ಲಿ ನಾನು ಬಾಡಿಗೆಗಿದ್ದೆ. ಸುಬೇದಾರ್ರು ಕೊಡಗಿನವರು, ಸೈನ್ಯಕ್ಕೆ ಬಡಗಿಯಾಗಿ ಸೇರಿ ಸುಬೇದಾರ್ ಆಗಿ ನಿವೃತ್ತರಾದವರು. ಮುಂದಿನ ಅಂಗಳದಲ್ಲಿ ಮೇಜು ಹಾಕಿಕೊಂಡು ಫೋಟೊಗಳಿಗೆ, ಸೈನಿಕರ ಪದಕಗಳಿಗೆ ಮರದ ಚೌಕಟ್ಟು ಮಾಡಿಕೊಡುತ್ತಿದ್ದರು. ಮೂಲೆಗಳು ಹೇಗೆ ಕೂಡುತ್ತಿದ್ದವು ಅಂತೀರಿ! ಉಗುರು ಎಳೆದರೂ ಸಂದು ಸಿಗುತ್ತಿರಲಿಲ್ಲ. "ಗೆರೆ ಮರದ ಮೇಲೆ ಉಳೀಬೇಕು ಮಾರಾಯ, ಗರಗಸ ಅದರ ಪಕ್ಕದಲ್ಲಿ ಹೋಗಬೇಕು. ಗೆರೆಯನ್ನೇ ತಿಂದುಬಿಟ್ರೆ ಅಳತೆ ಎಲ್ಲಿ ಉಳೀತು?" ಎನ್ನುತ್ತಿದ್ದರು.

ನಾನೋ, ಮಾತು ಮಾರುವವನು. ಕರೆಂಟಿನ ಗರಗಸ, ಡ್ರಿಲ್ ತರಿಸಿ ಮಾರುವ ಸಣ್ಣ ಕಂಪನಿಯಲ್ಲಿ ಸೇಲ್ಸ್ ಕೆಲಸ. ಬಾಯಿದ್ದವನು ಬರಗಾಲದಲ್ಲೂ ಬದುಕಿದ ಅಂತಾರಲ್ಲ, ಆ ಪೈಕಿ. ಆ ವರ್ಷ ನಮ್ಮ ಹೊಸ ಗರಗಸಕ್ಕೆ ಲೇಸರ್ ಬಂದಿತ್ತು. ಹಲ್ಲಿನ ಚಕ್ರ ತಿರುಗಲು ಶುರುವಾದ ಮೇಲೆ, ಅದು ಎಲ್ಲಿ ಕೊಯ್ಯುತ್ತದೋ ಅಲ್ಲಿ ಮರದ ಮೇಲೆ ಕೆಂಪು ಬೆಳಕಿನ ಗೆರೆ ಬೀಳುತ್ತಿತ್ತು. ಇನ್ನು ಪೆನ್ಸಿಲ್ಲೇ ಬೇಡ ಎಂದು ಊರೆಲ್ಲ ಹೇಳಿಕೊಂಡು ತಿರುಗುತ್ತಿದ್ದ ನಾನು, ಸುಬೇದಾರ್ರನ್ನು ಒಪ್ಪಿಸದೆ ಬಿಡುತ್ತೇನೆಯೇ? ಒಂದನ್ನು ಹೊತ್ತು ತಂದು ಅವರ ಮೇಜಿನ ಮೇಲೆ ಕೂರಿಸಿದೆ.

ಮೇ ತಿಂಗಳು. ಬೆಳಗ್ಗೆ ಒಂಬತ್ತಕ್ಕೇ ಅಂಗಳದಲ್ಲಿ ಕಣ್ಣು ಕುಕ್ಕುವ ಬಿಸಿಲು. ಅವರು ಸ್ವಿಚ್ ಒತ್ತಿ, ಬಗ್ಗಿ ನೋಡಿ, ನಕ್ಕರು. "ಎಲ್ಲಿದೆಯೋ ನಿನ್ನ ಗೆರೆ? ಬಿಸಿಲಿಗೆ ಹೆದರಿ ಒಳಗೆ ಹೋಯ್ತಾ?"

ನಿಜಕ್ಕೂ ಗೆರೆ ಕಾಣುತ್ತಿರಲಿಲ್ಲ. ಗೇಟಿನ ಹತ್ತಿರ ನಿಂತಿದ್ದ ಪಕ್ಕದ ಮನೆಯ ಸರ್ದಾರ್ಜಿಯೂ ನಕ್ಕರು. ನನಗೆ ಮೈ ಉರಿಯಿತು. "ಹೀಗೆ ಕೈ ಮರೆ ಮಾಡಿ ಸಾರ್, ಕಾಣುತ್ತೆ" ಎಂದು ಎಡಗೈಯನ್ನು ಚಕ್ರದ ಪಕ್ಕಕ್ಕೆ ಒಯ್ದು ನೆರಳು ಹಿಡಿದೆ. ನೆರಳಿನಲ್ಲಿ ಗೆರೆ ಕೆಂಪಗೆ ಎದ್ದು ಕಂಡಿತು. "ಅಚ್ಛಾ!" ಎಂದರು ಸುಬೇದಾರ್ರು, ಮಗುವಿನ ಹಾಗೆ.

ಚಕ್ರ ತಿರುಗುವಾಗ ಕೈ ಹತ್ತಿರ ಒಯ್ಯಬಾರದೆಂದು ನಮ್ಮ ಕೈಪಿಡಿಯ ಮೊದಲ ಪುಟದಲ್ಲೇ ಇತ್ತು. ನಾನು ಅದನ್ನು ಓದಿದ್ದೆ. ಓದಿಯೂ ತೋರಿಸಿಕೊಟ್ಟೆ.

ಹತ್ತು ದಿನವೂ ಆಗಿರಲಿಲ್ಲ. ಆಫೀಸಿಗೆ ಹೊರಟು ಮೆಟ್ಟಿಲಲ್ಲಿ ಕೂತು ಶೂ ಕಟ್ಟುತ್ತಿದ್ದೆ. ಕೆಳಗೆ ಗರಗಸದ ಸದ್ದು ಒಂದು ಕ್ಷಣ ದಪ್ಪಗಾಯಿತು, ಆಮೇಲೆ ಮತ್ತೆ ಹಗುರಾಯಿತು. ಓಡಿಹೋದರೆ ಅವರು ಬಲಗೈಯಲ್ಲಿ ಎಡಗೈಯನ್ನು ಬಿಗಿಯಾಗಿ ಹಿಡಿದು ನಿಂತಿದ್ದರು. ಮುಖದಲ್ಲಿ ನೋವಿಗಿಂತ ಆಶ್ಚರ್ಯವೇ ಹೆಚ್ಚಿತ್ತು. ಸರ್ದಾರ್ಜಿ ಕಾರು ತೆಗೆದರು. ತೋರುಬೆರಳು, ನಡುಬೆರಳು ಎರಡೂ ಉಳಿಯಲಿಲ್ಲ.

ಆಸ್ಪತ್ರೆಯಲ್ಲಿ ಆಂಟಿ ಅಳುತ್ತಲೇ ಕೇಳಿದರು, "ಅಲ್ಲಿಗೆ ಕೈ ಯಾಕೆ ತಗೊಂಡು ಹೋದ್ರಿ?" ಸುಬೇದಾರ್ರು ನನ್ನ ಮುಖ ನೋಡಿದರು. ಔಷಧಿ ಚೀಟಿ ಹಿಡಿದು ನಾನು ಅಲ್ಲೇ ನಿಂತಿದ್ದೆ. "ಗಮನ ತಪ್ಪಿತು. ವಯಸ್ಸಾಯ್ತಲ್ಲ" ಎಂದರು. ನಾನು ಚೀಟಿ ಹಿಡಿದು ಔಷಧಿ ಅಂಗಡಿಗೆ ಹೊರಟೆ.

ಅಂದಿನಿಂದ ಆಂಟಿಯ ಬೈಗುಳ ಶುರುವಾಯಿತು. ಅಂಗಿಯ ಗುಂಡಿ ಹಾಕುವಾಗ, ಕಿತ್ತಳೆ ಸುಲಿಯುವಾಗ, ಎಡಗೈ ತಡವರಿಸಿದಾಗಲೆಲ್ಲ. "ನಲವತ್ತು ವರ್ಷ ಮರ ಕೊಯ್ದವರು! ಚಿಕ್ಕ ಮಕ್ಕಳಿಗೂ ಗೊತ್ತಿರುತ್ತೆ ಕೈ ಎಲ್ಲಿಡಬೇಕು ಅಂತ. ಎಲ್ಲ ನಿಮ್ಮ ಉಡಾಫೆ!" ಅವರು ತಲೆ ತಗ್ಗಿಸಿ ನಗುತ್ತಿದ್ದರು. ಚೌಕಟ್ಟಿನ ಕೆಲಸ ನಿಂತೇಹೋಯಿತು. ಕೊಯ್ಯುವಾಗ ಮರವನ್ನು ಒತ್ತಿ ಹಿಡಿಯಲು ಆ ಎರಡು ಬೆರಳೇ ಬೇಕಿತ್ತು.

ಒಮ್ಮೆ ಧೈರ್ಯ ಮಾಡಿ ಶುರುಮಾಡಿದೆ, "ಸಾರ್, ಆಂಟಿಗೆ ನಿಜ ಹೇಳಿಬಿಡ್ತೀನಿ..."

"ಸುಮ್ಮನಿರು ಮಾರಾಯ. ನಿನಗೆ ಊಟ ಹಾಕೋದು ನಿಲ್ಲಿಸ್ತಾಳೆ. ಆಮೇಲೆ ಅವಳು ಮಾಡಿದ್ದನ್ನೆಲ್ಲ ನಾನೊಬ್ಬನೇ ತಿನ್ನಬೇಕಾಗುತ್ತೆ."

ನಾನು ನಕ್ಕುಬಿಟ್ಟೆ. ಥೂ, ನನ್ನ ಜನ್ಮಕ್ಕಿಷ್ಟು! ನಿಜ ಹೇಳುವುದರಿಂದ ಅವರು ಕೊಟ್ಟ ರಜೆಯನ್ನು ನಾಲ್ಕು ವರ್ಷ ಅನುಭವಿಸಿದೆ. ಆದರೆ ಆ ಗೆರೆ ನನಗೆ ರಜೆ ಕೊಡಲಿಲ್ಲ. ಗುಡಗಾಂವ್‌ನ ಮಾಲ್‌ನಲ್ಲಿ ಬಿಲ್ ಮಾಡುವವರ ಯಂತ್ರದ ಕೆಂಪು ಬೆಳಕು ನನ್ನ ಕೈಮೇಲೆ ಬಿದ್ದರೆ ಇವತ್ತಿಗೂ ಕೈ ತಾನಾಗಿ ಹಿಂದಕ್ಕೆ ಹೋಗುತ್ತದೆ. ಒಂದು ಸಲ ಕೈಯಲ್ಲಿದ್ದ ಎಣ್ಣೆ ಬಾಟಲಿ ಬಿದ್ದು ಒಡೆಯಿತು. "ಭಯ್ಯಾ, ಕ್ಯಾ ಹುವಾ?" ಎಂದು ಬಿಲ್ ಮಾಡುವ ಹುಡುಗಿ ಕೇಳಿದಳು. ಒಡೆದ ಬಾಟಲಿಗೂ ಸೇರಿಸಿ ದುಡ್ಡು ಕೊಟ್ಟು ಬಂದೆ.

ಒಂದು ಜನವರಿಯ ಮಂಜಿನಲ್ಲಿ ಸುಬೇದಾರ್ರು ಮಲಗಿದಲ್ಲೇ ತೀರಿಕೊಂಡರು. ಹೃದಯ ಎಂದರು ಡಾಕ್ಟರು.

ಎರಡು ತಿಂಗಳು ಕಳೆದ ಮೇಲೆ ಆಂಟಿ ಆ ಗರಗಸವನ್ನು ಯಾರಿಗಾದರೂ ಕೊಟ್ಟುಬಿಡು ಎಂದರು. ನೋಯ್ಡಾದ ಐಟಿ ಕಂಪನಿಯಲ್ಲಿದ್ದ ನಮ್ಮ ಮೈಸೂರಿನವನೊಬ್ಬ ಬಂದ. ಬಾಲ್ಕನಿಯಲ್ಲಿ ಬಡಗಿ ಕೆಲಸ ಕಲಿಯುವ ಆಸೆ ಅವನಿಗೆ. ಅದನ್ನು ತಿರುಗಿಸಿ ಮುರುಗಿಸಿ ನೋಡಿ, "ಲೇಸರ್ ಇದೆಯಲ್ಲ, ನಿಜವಾಗ್ಲೂ ಉಪಯೋಗಕ್ಕೆ ಬರುತ್ತಾ ಸಾರ್?" ಎಂದ.

ಕಾಫಿ ಹಿಡಿದು ಆಂಟಿ ಬಾಗಿಲಲ್ಲಿದ್ದರು. ಸಾವಿರ ಜನಕ್ಕೆ ಹೌದು ಎಂದ ಬಾಯಿ ಇದು. ಆ ಹೊತ್ತಿಗೆ ಆ ‘ಹೌದು’ ಹೊರಡಲಿಲ್ಲ.

"ಕೋಣೆಯೊಳಗೆ, ಒಂದೇ ಅಳತೆಯ ತುಂಡು ತುಂಬಾ ಕೊಯ್ಯೋದಿದ್ರೆ ಬರುತ್ತೆ" ಎಂದೆ. "ಆಗಲೂ ಮೊದಲು ಬೇಡದ ಮರದ ಮೇಲೆ ಕೊಯ್ದು, ಗೆರೆ ಸರಿಯಾಗಿದೆಯಾ ನೋಡ್ಕೊ. ಬಾಲ್ಕನಿ ಬಿಸಿಲಲ್ಲಿ ಗೆರೆ ಕಾಣಲ್ಲ. ಕಾಣಲ್ಲ ಅಂತ ಮಾತ್ರ ಕೈ ಅಡ್ಡ ಹಿಡೀಬೇಡಪ್ಪಾ. ಪೆನ್ಸಿಲ್ ಇಟ್ಕೊ. ಈ ಮನೆಯ ಯಜಮಾನರಿಗೆ ಕೈ ಅಡ್ಡ ಹಿಡಿಯೋಕೆ ಹೇಳಿಕೊಟ್ಟವನು ನಾನೇ. ಎರಡು ಬೆರಳು ಹೋಯ್ತು."

ಅವನು ಗರಗಸದ ಮೇಲಿಟ್ಟಿದ್ದ ಕೈ ತೆಗೆದ. ಆಂಟಿ ಕಾಫಿ ಲೋಟಗಳನ್ನು ನೆಲದ ಮೇಲಿಟ್ಟು, ಅಲ್ಲೇ ಹೊಸ್ತಿಲ ಮೇಲೆ ಕೂತರು. ನನ್ನ ಮೇಲೆ ರೇಗುತ್ತಾರೆ ಎಂದುಕೊಂಡೆ. ರೇಗಿದ್ದರೆ ಬದುಕಿಕೊಳ್ಳುತ್ತಿದ್ದೆ.

"ನಾಲ್ಕು ವರ್ಷ ನಾನು ಅವರನ್ನೇ ಬೈದೆನಲ್ಲೋ" ಎಂದರು. "ನೀನು ಒಂದು ಸಲನಾದ್ರೂ ನನ್ನ ಬಾಯಿ ಮುಚ್ಚಿಸಬಾರದಿತ್ತಾ?"

ಮುಚ್ಚಿಸಬಹುದಿತ್ತು. ಅವರು ಬೈಯುವಾಗಲೆಲ್ಲ ನಾನು ಸುಬೇದಾರ್ರ ಪಕ್ಕದಲ್ಲೇ ಕೂತು ಉಣ್ಣುತ್ತಿದ್ದೆ.